ಮೋಸಂಬಿ ಬುಡದ ಅಂಟು

ಜುಲೈ 8, ಭಾಲ್ಕಿ

ಕಾಕಾ ಅಂಗಡಿಯಿಂದ ತಂದ ಪೊಟ್ಟಣದ ಮೇಲೆ ಕಾರ್ಬೆಂಡಾಜಿಮ್ ಎಂದಿದೆ. "ಫಂಗಸ್ ಅಂದ್ರ ಇದೇ ಔಷಧ" ಎಂದು ಅಂಗಡಿಯವ ಕೊಟ್ಟನಂತೆ. ಕಾಕಾ ಹೇಳಿದ್ದು "ಮೋಸಂಬಿ ಬುಡಕ್ಕ ಗೋಂದ ಬರ್ಲತ್ತದ" ಎಂದಷ್ಟೇ. ಎಲೆ ಹೇಗಿದೆ, ಬೇರು ಹೇಗಿದೆ, ನೀರು ನಿಲ್ಲುತ್ತದೆಯೇ ಎಂದು ಅವ ಕೇಳಲಿಲ್ಲ, ಇವರೂ ಹೇಳಲಿಲ್ಲ. ಪುಡಿಯನ್ನು ಬುಡಕ್ಕೆ ಸುರಿಯುವ ಮೊದಲು ನನಗೊಂದು ಫೋನು ಮಾಡಿದ್ದು ಪುಣ್ಯ.

ಸಂಜೆ ತೋಟಕ್ಕೆ ಹೋದೆ. ಕಾರಂಜಾ ಹಿನ್ನೀರಿನ ಕಡೆಗೆ ಇಳಿಜಾರಾಗಿರುವ ಎರೆ ಹೊಲ. ಆರಿದ್ರಾ ಮಳೆ ಪೂರ್ತಿ ಸುರಿದಿದೆ, ಪುನರ್ವಸುವೂ ಕೈಬಿಡುವ ಲಕ್ಷಣ ಇಲ್ಲ. ತಗ್ಗಿನ ಸಾಲುಗಳಲ್ಲಿ ಚಪ್ಪಲಿ ಕೆಸರಿನಲ್ಲೇ ಉಳಿಯುತ್ತದೆ. ಮೇಲಿನ ಸಾಲಿನ ಗಿಡಗಳು ಹಸಿರಾಗಿ ತುಂಬಿಕೊಂಡಿವೆ. ತಗ್ಗಿನವುಗಳ ಎಲೆಯಲ್ಲಿ ಮೊದಲು ನಡುನರ ಹಳದಿ, ಆಮೇಲೆ ಇಡೀ ಎಲೆ. ಎರಡು ಮೂರು ಗಿಡಗಳು ಎಲೆಯನ್ನೆಲ್ಲ ಉದುರಿಸಿಕೊಂಡು ಅಂಬಿಯಾ ಬಹಾರಿನ ಕಾಯಿಗಳನ್ನಷ್ಟೇ ಹೊತ್ತು ನಿಂತಿವೆ.

ಬುಡದಲ್ಲಿ ಒಂದು ಗೇಣಿನ ಎತ್ತರದವರೆಗೆ ತೊಗಟೆ ಉದ್ದಕ್ಕೆ ಸೀಳಿದೆ. ಅಂಟು ಹನಿಹನಿಯಾಗಿ ಇಳಿದು ಗಟ್ಟಿಯಾಗಿದೆ. ಮಳೆ ನೇರವಾಗಿ ಬಿದ್ದ ಕಡೆ ಕರಗಿ ಕಲೆ ಮಾತ್ರ ಉಳಿದಿದೆ. ಕುಡಗೋಲಿನ ತುದಿಯಿಂದ ಕೆರೆದೆ. ಒಳಗೆ ಕಂದು, ಹುಳಿ ವಾಸನೆ. ಕಂದು ಮುಗಿದು ಬಿಳಿಯ ಜೀವಂತ ತೊಗಟೆ ಶುರುವಾಗುವ ಗೆರೆ ಸಿಗುವವರೆಗೆ ಕೆರೆಯುತ್ತಲೇ ಹೋದೆ. ನನಗೆ ಬೇಕಾದದ್ದು ಆ ಗೆರೆ. ಪೂರ್ತಿ ಸತ್ತ ತೊಗಟೆಯಲ್ಲಿ ಕೊಂದವ ಸಿಗುವುದು ಅಪರೂಪ. ತಿಥಿ ಊಟಕ್ಕೆ ಬಂದವರೇ ಅಲ್ಲಿ ತುಂಬಿರುತ್ತಾರೆ.

ಕಸಿಗಂಟು ಎಲ್ಲಿದೆ ಎಂದು ಹುಡುಕಿದರೆ ಅದು ಮಣ್ಣಿನೊಳಗಿತ್ತು. ಟ್ರ್ಯಾಕ್ಟರಿನಿಂದ ಹರಗಿದಾಗಲೆಲ್ಲ ಸಾಲಿನ ಮಣ್ಣು ಬುಡಕ್ಕೆ ಏರಿದೆ. ಕಾಕಾಗೆ ಅದರ ಬಗ್ಗೆ ಹೆಮ್ಮೆಯೇ ಇದೆ: "ಬುಡ ಏರಿಸೀನಿ, ಗಾಳಿಗಿ ಗಿಡ ಬೀಳಬಾರದಲ್ಲ."

"ಕಾಕಾ, ಆ ಪುಡಿ ಈಗ ಹಾಕಬ್ಯಾಡ್ರಿ. ಏನಂತ ನೋಡಿ ಹೇಳ್ತೀನಿ."

"ಬ್ಯಾನಿ ಏನರ ಇರಲಿ ಅವ್ವಾ, ಗಿಡ ಉಳಿದ್ರ ಸಾಕು."

ಜುಲೈ 9

ಗೆರೆಯಿಂದ ಕತ್ತರಿಸಿದ ತೊಗಟೆಯ ಚೂರುಗಳು, ಎಳೆ ಬೇರು, ಬೇರಿನ ಸುತ್ತಲಿನ ಮಣ್ಣು, ಮೂರನ್ನೂ ಬೇರೆ ಬೇರೆ ಚೀಲದಲ್ಲಿ ತಂದಿದ್ದೆ. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಆಟೋಕ್ಲೇವ್ ಇಲ್ಲ, ಐದು ಲೀಟರಿನ ಪ್ರೆಶರ್ ಕುಕ್ಕರ್ ಇದೆ. ಶಿಲೀಂಧ್ರ ಬೆಳೆಸುವ ಮಾಧ್ಯಮಕ್ಕೆ ಒಂದು ಲೀಟರ್ ನೀರಿಗೆ 200 ಗ್ರಾಂ ಆಲೂಗಡ್ಡೆಯ ಬಸಿ, 20 ಗ್ರಾಂ ಡೆಕ್ಸ್‌ಟ್ರೋಸ್, 20 ಗ್ರಾಂ ಅಗಾರ್. ಬಿ.ಎಸ್ಸಿ. ಅಂತಿಮ ವರ್ಷದ ಹುಡುಗಿಯರು ಆಲೂ ಸುಲಿದರು. ತೊಗಟೆ ಚೂರುಗಳನ್ನು ತೆಳು ಬ್ಲೀಚಿಂಗ್ ದ್ರಾವಣದಲ್ಲಿ ಒಂದು ನಿಮಿಷ ಅದ್ದಿ, ಶುದ್ಧ ನೀರಿನಲ್ಲಿ ತೊಳೆದು, ಒರೆಸಿ ತಟ್ಟೆಗಳಲ್ಲಿ ಇಟ್ಟೆವು.

ಬೇರನ್ನು ಬೆರಳಿನಿಂದ ಎಳೆದರೆ ಹೊರಸಿಪ್ಪೆ ಕಳಚಿ ಕೈಗೆ ಬಂತು, ಒಳಗಿನ ದಾರ ಮಾತ್ರ ಉಳಿಯಿತು. ಪುಸ್ತಕದಲ್ಲಿ ಓದಿದ ಲಕ್ಷಣ ಬೆರಳಿಗೆ ಸಿಕ್ಕಾಗ ಅದರ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಜುಲೈ 13

ತಟ್ಟೆಗಳಲ್ಲಿ ಸಂತೆ ನೆರೆದಿದೆ. ಒಂದರಲ್ಲಿ ರೈಜೋಪಸ್ ಮುಚ್ಚಳಕ್ಕೆ ಮುಟ್ಟುವಷ್ಟು ಬೆಳೆದು ಉಳಿದದ್ದನ್ನೆಲ್ಲ ಮುಚ್ಚಿಹಾಕಿದೆ. ಇನ್ನೊಂದರಲ್ಲಿ ಹಸಿರು ಟ್ರೈಕೋಡರ್ಮಾ. ಉಳಿದವುಗಳಲ್ಲಿ ಹೆಚ್ಚಿನವು ಫ್ಯುಸೇರಿಯಂ. ಬಾಗಿದ, ಅಡ್ಡಗೋಡೆಗಳಿರುವ ಬೀಜಕಣಗಳು ಎಷ್ಟು ಚೆನ್ನಾಗಿ ಕಂಡವೆಂದರೆ ಹುಡುಗಿಯರು ಚಪ್ಪಾಳೆ ತಟ್ಟಿದರು. "ಮೇಡಂ, ಸಿಕ್ತು. ಫ್ಯುಸೇರಿಯಂ ಅಂತ ಬರೀಲಾ?"

ಬರೆಯಬೇಡ ಎಂದೆ. ಫ್ಯುಸೇರಿಯಂ ಸೋಲನಿ ನಿಂಬೆಜಾತಿಯ ಗಿಡದಲ್ಲಿ ಒಣ ಬೇರುಕೊಳೆ ತರುವುದುಂಟು, ಸುಳ್ಳಲ್ಲ. ಆದರೆ ಅದು ಸಾಮಾನ್ಯವಾಗಿ ಮೊದಲೇ ಸೊರಗಿದ ಬೇರಿಗೆ ಬೀಳುತ್ತದೆ. ಆರೋಗ್ಯವಾಗಿರುವ ಗಿಡದ ಬುಡದ ಮಣ್ಣಲ್ಲೂ ಅದು ಇದ್ದೇ ಇರುತ್ತದೆ. ಆಲೂಗಡ್ಡೆಯ ಅಗಾರ್ ಬೇಗ ಬೆಳೆಯುವವರಿಗೆ ಹೇಳಿ ಮಾಡಿಸಿದ್ದು. ನಿಧಾನದವನು ಅದರಲ್ಲಿ ತಲೆ ಎತ್ತುವುದಿಲ್ಲ. ತಟ್ಟೆಯಲ್ಲಿ ಮೊದಲು ಬಂದದ್ದನ್ನೇ ಬರೆದು ರೋಗಪತ್ತೆ ಎಂದು ಕೊಡುವ ವರದಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಜುಲೈ 14

ಇವತ್ತು ಎಲೆ ತೇಲಿಬಿಟ್ಟೆವು. ದುಡ್ಡಿಲ್ಲದ ಪ್ರಯೋಗಾಲಯಕ್ಕೆ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಗೊತ್ತಿಲ್ಲ. ಚಹಾದ ಕಾಗದದ ಲೋಟದಲ್ಲಿ ಬೇರಿನ ಮಣ್ಣು, ಅದರ ಮೇಲೆ ಎರಡು ಬೆರಳು ಭಟ್ಟಿ ಇಳಿಸಿದ ನೀರು. ಔಷಧ ಹೊಡೆಯದ ಮೋಸಂಬಿಯ ಎಳೆ ಎಲೆಯನ್ನು ಆಫೀಸಿನ ಪಂಚಿಂಗ್ ಯಂತ್ರದಿಂದ ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಮೇಲೆ ಬಿಡುವುದು. ಮಣ್ಣಿನಲ್ಲಿ ಈಜುವ ಬೀಜಕಣಗಳೇನಾದರೂ ಇದ್ದರೆ ಎಲೆಯ ಕತ್ತರಿಸಿದ ಅಂಚಿಗೆ ತಾವಾಗಿಯೇ ಬಂದು ಅಂಟಿಕೊಳ್ಳುತ್ತವೆ. ಫ್ಯುಸೇರಿಯಂಗೆ ಈಜು ಬಾರದು. ಇಡೀ ಉಪಾಯ ನಿಂತಿರುವುದು ಇದರ ಮೇಲೆ.

ಮೇಲಿನ ಸಾಲಿನ ಚೆನ್ನಾಗಿರುವ ಗಿಡಗಳ ಮಣ್ಣನ್ನೂ ಬೇರೆ ಲೋಟಗಳಲ್ಲಿ ಇಟ್ಟಿದ್ದೇನೆ. ಅದಿಲ್ಲದೆ ಹೋಲಿಸುವುದು ಯಾವುದಕ್ಕೆ?

ಜುಲೈ 17

ತಗ್ಗಿನ ಮಣ್ಣಿನ ಲೋಟಗಳಲ್ಲಿ ಬಿಲ್ಲೆಗಳ ಅಂಚು ನೀರು ಕುಡಿದ ಹಾಗೆ ಮಂಕಾಗಿ ಕಂದಿದೆ. ಮೇಲಿನ ಸಾಲಿನವುಗಳಲ್ಲಿ ಬಹುಪಾಲು ಹಸಿರಾಗಿಯೇ ಇವೆ.

ಒಂದು ಬಿಲ್ಲೆಯನ್ನು ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿ ಇಟ್ಟು ನೋಡಿದೆ. ಅಂಚಿನಿಂದ ಹೊರಟ ಎಳೆಗಳಿಗೆ ಅಡ್ಡಗೋಡೆಗಳೇ ಇಲ್ಲ. ಎಳೆಯ ತುದಿಯಲ್ಲಿ ಬೀಜಕಣದ ಚೀಲಗಳು: ಲಿಂಬಿಕಾಯಿಯದೇ ಆಕಾರ, ತುದಿಗೆ ಚಿಕ್ಕ ಮೊಲೆತೊಟ್ಟು. ಫೈಟೋಫ್ತೊರಾ. ಲಿಂಬಿ ಜಾತಿಯ ಗಿಡವನ್ನು ಕೊಲ್ಲುವ ಜೀವಿಗೆ ಲಿಂಬಿಯದೇ ಆಕಾರ! ಹುಡುಗಿಯರಿಗೆ ಇದು ಪರೀಕ್ಷೆಯವರೆಗೂ ಮರೆಯುವುದಿಲ್ಲ.

ಆಮೇಲೆ ಮಾಡಿದ್ದನ್ನು ವಿವರವಾಗಿ ಬರೆದಿಡುತ್ತೇನೆ. ಬಿಲ್ಲೆಗಳಿದ್ದ ಬಟ್ಟಲನ್ನು ಫ್ರಿಜ್ಜಿನಲ್ಲಿ ಇಪ್ಪತ್ತು ನಿಮಿಷ ಇಟ್ಟು ಹೊರಗೆ ತೆಗೆದೆ. ಕೋಣೆಯ ಬಿಸಿಗೆ ಬಂದ ಮೇಲೆ ಒಂದೇ ಚೀಲವನ್ನು ಹಿಡಿದು ಕಣ್ಣು ಕೀಳದೆ ಕುಳಿತೆ. ಒಳಗಿನ ರಸ ಮೊದಲು ಒಂದೇ ಮುದ್ದೆಯಾಗಿತ್ತು. ನೋಡನೋಡುತ್ತ ಅದು ತುಂಡು ತುಂಡಾಗಿ ಒಡೆಯಿತು, ತುಂಡುಗಳು ಒಳಗೇ ಅಲುಗಾಡತೊಡಗಿದವು. ತೊಟ್ಟು ಕರಗಿತು. ಒಂದು ಹೊರಬಂತು, ಅದರ ಬೆನ್ನಿಗೆ ಎರಡು, ಆಮೇಲೆ ಎಲ್ಲವೂ ನುಗ್ಗಿ ಬಂದು ಗಿರಿಗಿರಿ ತಿರುಗುತ್ತ ನಾಲ್ಕು ದಿಕ್ಕಿಗೆ ಈಜಿ ಹೋದವು. ಕ್ಷಣದಲ್ಲಿ ಚೀಲ ಖಾಲಿ. ಪಾಳಿಯಲ್ಲಿ ನಿಂತು ಎಲ್ಲರೂ ನೋಡಿದರು, ಸಿಪಾಯಿಯೂ ನೋಡಿ, "ಇವು ಹುಳಾ ಅಲ್ಲೇನ್ರಿ?" ಎಂದ. ಕಷಾಯ ಕುಡಿದ ಮುಖ ಮಾಡಿಕೊಂಡು ತಿರುಗಾಡುವ ನಮ್ಮ ಪ್ರಾಂಶುಪಾಲರೂ ಎರಡು ಸಲ ಬಗ್ಗಿ ನೋಡಿದರು.

ತಣ್ಣನೆಯ ಮಳೆ ಬಿದ್ದು, ಪಾತಿಯಲ್ಲಿ ನೀರು ನಿಂತು, ಮರುದಿನ ಬಿಸಿಲು ಬಿದ್ದರೆ ಕಾಕಾನ ತೋಟದಲ್ಲಿ ನಡೆಯುವುದೂ ಇದೇ. ಪ್ರತಿ ಕಣಕ್ಕೂ ಎರಡು ಬಾಲಗಳು. ಬೇರಿನಿಂದ ಒಸರುವ ರಸದ ಜಾಡು ಹಿಡಿದು ಹೋಗುತ್ತವೆ. ನೀರು ಒಂದು ಗಿಡದ ಪಾತಿಯಿಂದ ಇನ್ನೊಂದಕ್ಕೆ ಹರಿದರೆ ಅವೂ ಜೊತೆಗೇ ಹೋಗುತ್ತವೆ.

ಜುಲೈ 18

ಕಾಕಾಗೆ ಫೋನಿನಲ್ಲಿ ಹೇಳಿದೆ. "ಫಂಗಸ್ ಅಲ್ಲಾ?" ಎಂದರು. ಅಲ್ಲ ಎಂದೇ ಹೇಳಬೇಕು. ನಾವು ಓದುವಾಗ ಶಿಲೀಂಧ್ರಗಳ ಅಧ್ಯಾಯದಲ್ಲೇ ಫೈಟೋಫ್ತೊರಾ ಬರುತ್ತಿತ್ತು. ಈಗಲೂ ಸಸ್ಯರೋಗದವರು ಇದನ್ನು ಶಿಲೀಂಧ್ರಗಳ ಜೊತೆಗೇ ಕೂರಿಸುತ್ತಾರೆ. ವಂಶದಲ್ಲಿ ಮಾತ್ರ ಇದು ಕಂದು ಪಾಚಿಗಳಿಗೆ ಹತ್ತಿರ. ಕೋಶಗೋಡೆಯಲ್ಲಿ ಕೈಟಿನ್ ಬದಲು ಹೆಚ್ಚಾಗಿ ಸೆಲ್ಯುಲೋಸ್. ಕಾರ್ಬೆಂಡಾಜಿಮ್ ಶಿಲೀಂಧ್ರದ ಕೋಶ ವಿಭಜನೆಯಲ್ಲಿ ಯಾವ ಪ್ರೊಟೀನಿಗೆ ಗಂಟುಬೀಳುತ್ತದೋ, ಇದರ ಅದೇ ಪ್ರೊಟೀನು ಅದಕ್ಕೆ ಸಿಗುವುದಿಲ್ಲ. ಹಾಗಾಗಿ ಆ ಪೊಟ್ಟಣ ಇದಕ್ಕೆ ಏನೂ ಮಾಡದು. ಕೆಡುಕೂ ಆದೀತು: ಮಣ್ಣಿನ ಟ್ರೈಕೋಡರ್ಮಾದಂಥ ಒಳ್ಳೆಯ ಶಿಲೀಂಧ್ರಗಳು ಸತ್ತು ಇದಕ್ಕೆ ಜಾಗ ಖಾಲಿಯಾಗುತ್ತದೆ.

ಬೀದರಿನ ತೋಟಗಾರಿಕೆ ಕಾಲೇಜಿನಲ್ಲಿ ಇರುವ ಹಳೆಯ ವಿದ್ಯಾರ್ಥಿನಿ ರೈಲಿನಲ್ಲಿ ಎರಡು ವಿಶೇಷ ತಟ್ಟೆಗಳನ್ನು ಐಸಿನ ಡಬ್ಬಿಯಲ್ಲಿಟ್ಟು ತಂದುಕೊಟ್ಟಳು. ಅವುಗಳಲ್ಲಿ ಬ್ಯಾಕ್ಟೀರಿಯಾ ತಡೆಯಲು ಆಂಪಿಸಿಲಿನ್, ರಿಫಾಂಪಿಸಿನ್. ಶಿಲೀಂಧ್ರ ತಡೆಯಲು ಪಿಮಾರಿಸಿನ್. ಈ ಪಿಮಾರಿಸಿನ್ ಎಂದರೆ ನಾಟಾಮೈಸಿನ್. ರೈತರ ಕಣ್ಣಿಗೆ ಕಡ್ಡಿ ಚುಚ್ಚಿ ಬೂಸ್ಟಿನ ಹುಣ್ಣಾದಾಗ ವೈದ್ಯರು ಬರೆದುಕೊಡುವ ಹನಿಮದ್ದು. ಫ್ಯುಸೇರಿಯಂ ಅದರಲ್ಲಿ ಬೆಳೆಯಲಾರದು. ಫೈಟೋಫ್ತೊರಾ ಮಾತ್ರ ಏನೂ ಆಗದವರ ಹಾಗೆ ಬೆಳೆಯುತ್ತದೆ, ಏಕೆಂದರೆ ಆ ಮದ್ದು ಹಿಡಿದುಕೊಳ್ಳುವ ಎರ್ಗೊಸ್ಟೆರಾಲ್ ಇದರ ಪೊರೆಯಲ್ಲಿ ಇಲ್ಲ. ಅಂಗಡಿಯವನಿಗೆ ವಾದ ಮಾಡಿ ತಿಳಿಸುವುದಕ್ಕಿಂತ ಈ ತಟ್ಟೆ ತೋರಿಸುವುದು ಸುಲಭ.

ಜುಲೈ 24

ಇಡೀ ದಿನ ತೋಟದಲ್ಲೇ. ಮೊದಲು ಬುಡದ ಮಣ್ಣು ಸರಿಸಿ ಕಸಿಗಂಟು ಹೊರಗೆ ತೆಗೆದೆವು. ತಗ್ಗಿನ ಸಾಲಿಗೆ ನೀರು ಹರಿದುಹೋಗಲು ಕಾಲುವೆ ತೋಡಿದೆವು. ಪಾತಿಗೆ ಒಳಗೊಂದು ಹೊರಗೊಂದು ಎರಡು ಬದು, ನೀರು ಅವೆರಡರ ನಡುವೆಯೇ ನಿಲ್ಲಬೇಕು, ಕಾಂಡಕ್ಕೆ ಮುಟ್ಟಬಾರದು. ಸತ್ತ ತೊಗಟೆ ಕೆರೆದದ್ದನ್ನು ಅಲ್ಲೇ ಬಿಸಾಡದೆ ಗೋಣಿಯ ಮೇಲೆ ಕೂಡಿಹಾಕಿ ಸುಟ್ಟೆವು.

ಆಮೇಲೆ ಬೋರ್ಡೋ ಮುಲಾಮು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಟ್ಟ ಸುಣ್ಣ, ಹತ್ತು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಿನಲ್ಲಿ ಕರಗಿಸಿ ಕೂಡಿಸಬೇಕು, ಕಬ್ಬಿಣದ ಪಾತ್ರೆ ಮುಟ್ಟಿಸಬಾರದು. ಕೂಡಿಸಿದ ಮೇಲೆ ಕುಡಗೋಲಿನ ಅಲಗು ಅದ್ದಿ ನೋಡಿದೆ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿತು, ಸುಣ್ಣ ಸಾಲದು. ಇನ್ನಷ್ಟು ಸುಣ್ಣ ಹಾಕಿ ಮತ್ತೆ ಅದ್ದಿದಾಗ ಅಲಗು ಹಾಗೇ ಬಂತು. ಬ್ರಷ್ಷಿನಿಂದ ಬುಡದಿಂದ ಎರಡು ಮೂರು ಅಡಿವರೆಗೆ ಬಳಿದೆವು.

ಮೈಲುತುತ್ತ ಬೀದರಿಗೆ ಹೊಸದಲ್ಲ. ಬಿದರಿ ಕೆಲಸದವರು ಸತು, ತಾಮ್ರ ಕೂಡಿಸಿ ಎರಕ ಹೊಯ್ದ ಹೂಜಿಯ ಮೇಲೆ ಮೈಲುತುತ್ತದ ನೀರು ತಿಕ್ಕಿ ಮೈ ಕಪ್ಪು ಮಾಡುತ್ತಾರೆ. ಉಳಿಯ ಗೆರೆ ಆಗ ಬೆಳ್ಳಗೆ ಎದ್ದು ಕಾಣುತ್ತದೆ. ಕುಡಗೋಲಿಗೆ ತಾಮ್ರ ಹತ್ತುವುದೂ, ಸತುವಿನ ಮೈ ಕಪ್ಪಾಗುವುದೂ ಒಂದೇ ರಸಾಯನ. ಆದರೆ ನಮ್ಮ ಕಡೆ ತೋಟದವರಿಗೆ ಬೋರ್ಡೋ ಅಷ್ಟು ಪರಿಚಯವಿಲ್ಲ. ಮಲೆನಾಡಿನವರಿಗೆ ಅದು ಮಳೆಗಾಲದ ಮನೆಮಾತು. ಫ್ರಾನ್ಸಿನ ಮಿಲಾರ್ದೆ ದ್ರಾಕ್ಷಿಯ ಮೇಲೆ ಇದರ ಗುಣವನ್ನು 1885ರಲ್ಲಿ ಪ್ರಕಟಿಸಿದ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಮೇಲೆ ಬುಲೆಟಿನ್ ಬರೆದು, ಅದೂ ಫೈಟೋಫ್ತೊರಾದ್ದೇ ಕೆಲಸ ಎಂದು ತೋರಿಸಿದರು. ನಾವು ಆಗ ನಿಜಾಮರ ಹೈದರಾಬಾದಿನಲ್ಲಿದ್ದೆವು. 1956ರಲ್ಲಿ ರಾಜ್ಯ ಒಂದಾಯಿತು, ಅಡಿಕೆಯವರ ಅನುಭವ ಮೋಸಂಬಿಯವರೆಗೆ ಇನ್ನೂ ಪೂರ್ತಿ ಬಂದು ಮುಟ್ಟಿಲ್ಲ.

ಬೇರಿಗೆ ಮೆಟಲಾಕ್ಸಿಲ್, ಮ್ಯಾಂಕೋಜೆಬ್ ಕೂಡಿದ ಪುಡಿ, ನೀರು ಇಂಗಿದ ಮೇಲೆ. ಫೋಸೆಟೈಲ್ ಸಿಕ್ಕರೆ ಎಲೆಗೆ ಹೊಡೆಯಬಹುದು, ಅದು ಎಲೆಯಿಂದ ಬೇರಿಗೂ ಇಳಿಯುತ್ತದೆ. ಮೆಟಲಾಕ್ಸಿಲ್ ಒಂದನ್ನೇ ವರ್ಷವರ್ಷ ಸುರಿದರೆ ಜೀವಿ ಅದಕ್ಕೂ ಒಗ್ಗಿಕೊಳ್ಳುತ್ತದೆ ಎಂದು ಕಾಕಾಗೆ ಎರಡು ಸಲ ಹೇಳಿದ್ದೇನೆ. ಎಲೆ ಪೂರ್ತಿ ಉದುರಿದ ಗಿಡಗಳ ಆಸೆ ಬಿಡಬೇಕು. ಅದನ್ನು ಹೇಳುವಾಗ ಅವರು ಬೇರೆ ಕಡೆ ನೋಡುತ್ತಿದ್ದರು.

ಆಗಸ್ಟ್ 10, ಔರಾದ್

ಸುದ್ದಿ ಹಬ್ಬಿದೆ. ಸಹೋದ್ಯೋಗಿಯ ಮಾವನವರ ಲಿಂಬಿ ತೋಟ ನೋಡಲು ಔರಾದಿಗೆ ಬಂದಿದ್ದೆ. ಇಲ್ಲಿ ಅಂಟು ಇಲ್ಲ. ಟೊಂಗೆ ತುದಿಯಿಂದ ಹಿಂದಕ್ಕೆ ಒಣಗುತ್ತಿದೆ, ಒಣಗಿದ ಭಾಗ ಬೂದಿಬಣ್ಣಕ್ಕೆ ತಿರುಗಿ ಮೇಲೆ ಕಪ್ಪು ಚುಕ್ಕಿ. ಹೊಡೆಯದ ಎಣ್ಣೆ ಇಲ್ಲ.

ಒಂದು ಎಲೆ ಕಾಡಿಗೆ ಬಳಿದ ಹಾಗಿತ್ತು. ಬೆರಳಿನಿಂದ ಒರೆಸಿದೆ, ಕೆಳಗೆ ಹಸಿರು ಎಲೆ. ಕಪ್ಪು ನೊಣದ ಸಿಹಿ ಹಿಕ್ಕೆಯ ಮೇಲೆ ಬೆಳೆದ ಬೂಸ್ಟು, ಎಲೆಯೊಳಗೆ ಹೋಗಿಲ್ಲ. ಉದಗೀರ ಕಡೆಯವರು ಇದನ್ನು ಕೊಳಶಿ ಎನ್ನುತ್ತಾರೆ. ನೊಣ ಹೋದರೆ ಇದೂ ಹೋಗುತ್ತದೆ. ಇನ್ನೊಂದು ಗಿಡದ ಎಲೆ, ಕಾಯಿಯ ಮೇಲೆ ಒರಟು ಕಜ್ಜಿ, ಸುತ್ತ ಹಳದಿ ಉಂಗುರ. ಅದಕ್ಕೂ ಶಿಲೀಂಧ್ರನಾಶಕ ಹೊಡೆದಿದ್ದಾರೆ! ಅದು ಬ್ಯಾಕ್ಟೀರಿಯಾದ ಕಜ್ಜಿರೋಗ. ಅಂಚಿನ ತೆಳು ಚೂರನ್ನು ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕತ್ತರಿಸಿದ ಕಡೆಯಿಂದ ಮೋಡದಂಥ ಧಾರೆ ಹರಿದುಬರುತ್ತದೆ. ಶಿಲೀಂಧ್ರದ ಕಲೆಯಲ್ಲಿ ಅದು ಬರುವುದಿಲ್ಲ.

ಆಗಸ್ಟ್ 13

ಔರಾದಿನ ಟೊಂಗೆಗಳನ್ನು ಟಿಫಿನ್ ಡಬ್ಬಿಯಲ್ಲಿ ಒದ್ದೆ ಕಾಗದ ಹಾಸಿ ಮುಚ್ಚಿಟ್ಟಿದ್ದೆ. ಚುಕ್ಕಿಗಳಿಂದ ಕಿತ್ತಳೆ ಬಣ್ಣದ ಲೋಳೆ ಉಕ್ಕಿದೆ. ಕಣಗಳು ಎರಡೂ ತುದಿ ದುಂಡಗಿರುವ ಕೊಳವೆಗಳು, ನಡುನಡುವೆ ಕಪ್ಪು ಮುಳ್ಳು. ಕೊಲೆಟೋಟ್ರೈಕಮ್. ಒಂದು ಟೊಂಗೆಯಲ್ಲಿ ಲಾಸಿಯೋಡಿಪ್ಲೋಡಿಯಾ, ಅದರ ಬಲಿತ ಕಣ ಕಂದು, ನಡುವೆ ಒಂದು ಗೋಡೆ, ಮೈಮೇಲೆ ಉದ್ದುದ್ದ ಗೆರೆ.

ಹಸಿರಾಗಿದ್ದ ಟೊಂಗೆಯನ್ನೂ ಹೋಲಿಕೆಗೆಂದು ಇನ್ನೊಂದು ಡಬ್ಬಿಯಲ್ಲಿ ಇಟ್ಟಿದ್ದೆ. ಅದರಲ್ಲೂ ಕೊಲೆಟೋಟ್ರೈಕಮ್ ಬಂದಿದೆ. ಬರಬೇಕಾದದ್ದೇ, ಅದು ಚೆನ್ನಾಗಿರುವ ಎಲೆಯಲ್ಲೂ ಸುಮ್ಮನೆ ಬಿದ್ದುಕೊಂಡಿರುತ್ತದೆ. ಗಿಡ ಸೋತಾಗ ಏಳುತ್ತದೆ. ಹಾಗಾದರೆ ಗಿಡ ಸೋತದ್ದು ಏಕೆ? ಫೋನು ಮಾಡಿ ಬುಡದ ಪಕ್ಕ ಗುಂಡಿ ತೋಡಿಸಿದೆ. ಎರಡಡಿಗೇ ಕಲ್ಲಿನ ಹಾಸು. ಬೇಸಿಗೆಯಲ್ಲಿ ಬೋರು ಬತ್ತಿ ನೀರು ಕೊಟ್ಟಿಲ್ಲವಂತೆ. ಒಣ ಟೊಂಗೆಯನ್ನು ಹಸಿರು ಭಾಗದ ಒಂದೆರಡು ಇಂಚು ಸೇರಿಸಿ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿರಿ ಎಂದೆ. ಉಳಿದದ್ದಕ್ಕೆ ಔಷಧ ಅಂಗಡಿಯಲ್ಲಿಲ್ಲ.

"ಮತ್ತ ಫಂಗಸ್ ಸಿಕ್ತಲ್ರಿ ಮೇಡಂ?" ಸಿಕ್ಕಿದೆ. ಸಿಕ್ಕದ್ದೆಲ್ಲ ಕಾರಣವಾದರೆ ನನ್ನ ಕೆಲಸ ಬಹಳ ಹಗುರವಾಗುತ್ತಿತ್ತು.

ಆಗಸ್ಟ್ 28

ಗಜ್ಜರಿ ಅಗಾರಿನಲ್ಲಿ ಬೆಳೆಸಿದ್ದ ಫೈಟೋಫ್ತೊರಾದ ಚಿಕ್ಕ ತುಂಡನ್ನು ಕಸಿಗೆ ಬೇರಾಗಿ ಬಳಸುವ ಜಂಬೇರಿ ಸಸಿಗಳ ಕಾಂಡಕ್ಕೆ ಗಾಯಮಾಡಿ ಕಟ್ಟಿದ್ದೆವು. ಕೆಲವಕ್ಕೆ ಬರೀ ಅಗಾರ್. ಮೊದಲ ಗುಂಪಿನಲ್ಲಿ ಕಂದು ಹುಣ್ಣು ಮೇಲಕ್ಕೂ ಕೆಳಕ್ಕೂ ಹರಿದಿದೆ, ಒಂದರಲ್ಲಿ ಅಂಟು ಕೂಡ. ಬರೀ ಅಗಾರಿನವುಗಳ ಗಾಯ ಮಾಯ್ದಿದೆ. ಹುಣ್ಣಿನ ಅಂಚಿನಿಂದ ಮತ್ತೆ ಅದೇ ಲಿಂಬಿಯಾಕಾರದ ಚೀಲಗಳು ಬಂದವು. ಕಾಖ್ ಕ್ಷಯರೋಗಕ್ಕೆ ಹಾಕಿಕೊಂಡ ನಿಯಮ ಭಾಲ್ಕಿಯ ಕಾಲೇಜಿನ ಕಿಟಕಿಯ ಕಟ್ಟೆಯ ಮೇಲೂ ನಡೆಯಿತು. ಫ್ಯುಸೇರಿಯಂ ಕಟ್ಟಿದ ಸಸಿಗಳಿಗೆ ಹೇಳಿಕೊಳ್ಳುವಂಥದ್ದು ಏನೂ ಆಗಿಲ್ಲ.

ಯಾವ ಪ್ರಭೇದ? ಮೋಸಂಬಿಯ ಮೇಲೆ ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವುದು ನಿಕೋಟಿಯಾನೆ, ಅದರ ಜೊತೆ ಪಾಮಿವೋರಾ. ಪಾಮಿವೋರಾದ ಚೀಲ ಚಿಕ್ಕ ತೊಟ್ಟಿನ ಸಮೇತ ಸುಲಭವಾಗಿ ಕಳಚಿಕೊಳ್ಳುತ್ತದೆ. ನಮ್ಮವು ನೀರು ಅಲುಗಿಸಿದರೂ ಎಳೆಗೆ ಹಿಡಿದುಕೊಂಡಿವೆ. ನಿಕೋಟಿಯಾನೆ ಇರಬೇಕು. ಡಿಎನ್ಎಯ ಐಟಿಎಸ್ ಭಾಗ ಓದಿಸಿದರೆ ಖಚಿತವಾಗುತ್ತದೆ, ಅದಕ್ಕೆ ತಟ್ಟೆ ಬೀದರಿಗೆ ಕಳಿಸಿದ್ದೇನೆ. ಕಾಕಾನ ಬುಡಕ್ಕೆ ಬಳಿಯುವ ಮುಲಾಮು ಎರಡಕ್ಕೂ ಒಂದೇ, ಅದು ಕಾಯಬೇಕಿಲ್ಲ.

ಅಕ್ಟೋಬರ್ 12

ಸತ್ತ ಗಿಡಗಳ ಜಾಗಕ್ಕೆ ಸಸಿ ನೋಡಲು ಕಾಕಾನ ಜೊತೆ ನರ್ಸರಿಗೆ ಹೋದೆ. ಜಂಬೇರಿ ಬೇರಿನ ಮೇಲೆ ಕಸಿ, ಕಣ್ಣು ಕೂಡಿಸಿದ್ದು ನೆಲಕ್ಕೆ ತೀರ ಹತ್ತಿರ. ಚೀಲದ ಮಣ್ಣು ಜವುಗು. ಕೆಲವು ಚೀಲಗಳ ತೂತಿನ ಬಳಿಯಿಂದ ಬೇರು, ಮಣ್ಣು ಕೇಳಿ ತಂದೆ. ಮಾಲಕರು ನಕ್ಕು ಕೊಟ್ಟರು.

ಬೇರುಗಿಡದ ಆಯ್ಕೆಯಲ್ಲಿ ಒಂದನ್ನು ತಪ್ಪಿಸಿಕೊಂಡರೆ ಇನ್ನೊಂದು ಎದುರಾಗುತ್ತದೆ. 1830ರ ದಶಕದಲ್ಲಿ ಅಜೋರ್ಸ್ ದ್ವೀಪಗಳಲ್ಲಿ ಈ ಬುಡಕೊಳೆ ತೋಟಗಳನ್ನು ಹಾಳುಮಾಡಿತು. ಆಮೇಲೆ ಅನೇಕ ದೇಶಗಳವರು ಅದನ್ನು ತಡೆದುಕೊಳ್ಳುವ ಹುಳಿಕಿತ್ತಳೆಯ ಬೇರಿನ ಮೇಲೆ ಕಸಿ ಮಾಡಿದರು. ನೂರು ವರ್ಷದ ನಂತರ ಬ್ರೆಜಿಲ್‌ನಲ್ಲಿ ಟ್ರಿಸ್ಟೆಜಾ ವೈರಸ್ ಬಂದು ಆ ಹುಳಿಕಿತ್ತಳೆಯ ಬೇರಿನ ಮೇಲಿದ್ದ ಗಿಡಗಳನ್ನೇ ಲಕ್ಷಗಟ್ಟಲೆ ಕೊಂದಿತು. ನಮ್ಮ ಕಡೆಗೆ ರಂಗ್ಪುರ್ ಲಿಂಬಿ ವಾಸಿ. ಟ್ರಿಸ್ಟೆಜಾ ತಾಳುತ್ತದೆ, ಫೈಟೋಫ್ತೊರಾವನ್ನೂ ಜಂಬೇರಿಗಿಂತ ಹೆಚ್ಚು ತಾಳುತ್ತದೆ. ಕಸಿಗಂಟು ನೆಲದಿಂದ ಒಂದು ಗೇಣಾದರೂ ಮೇಲಿರಬೇಕು.

ಅಕ್ಟೋಬರ್ 16

ನರ್ಸರಿ ಮಣ್ಣಿನ ಲೋಟಗಳಲ್ಲಿ ಬಿಲ್ಲೆಗಳ ಅಂಚು ಕಂದಿದೆ. ಲಿಂಬಿಯಾಕಾರದ ಬೀಜಕಣ ಚೀಲಗಳೂ ಕಂಡವು. ಕಾಕಾನೇ ಬಂದು ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದರು, ಕನ್ನಡಕ ತೆಗೆದು ಮತ್ತೊಮ್ಮೆ ನೋಡಿದರು. "ಅಂದ್ರ ಇದು ನಮ್ಮ ಹೊಲದಾಗ ಹುಟ್ಟಿದ್ದಲ್ಲ. ನಾನೇ ರೊಕ್ಕಾ ಕೊಟ್ಟು ತಂದೀನಿ." ಹೌದೋ ಅಲ್ಲವೋ, ಮೊದಲ ಸಸಿಗಳ ಮಣ್ಣು ಈಗ ಯಾರ ಬಳಿಯೂ ಇಲ್ಲ.

ಅಲ್ಲಿಂದಲೇ ನರ್ಸರಿಗೆ ಫೋನು ಮಾಡಿ ಆರ್ಡರ್ ರದ್ದು ಮಾಡಿದರು. "ಎಲಿ ತೇಲಿಸಿ ನೋಡೀವ್ರಿ" ಎಂದದ್ದು ಆ ಕಡೆಯವರಿಗೆ ಅರ್ಥವಾಗಲಿಲ್ಲ, ದೊಡ್ಡ ದನಿಯಲ್ಲಿ ಏನೇನೋ ಅಂದರು. ಕಾಕಾ ಮುಂಗಡ ಕೇಳುತ್ತಿದ್ದಾರೆ, ಅದು ವಾಪಸು ಬರುವ ಹಾಗೆ ಕಾಣುವುದಿಲ್ಲ.

ಸಸಿ ನಾವೇ ಮಾಡುವುದೆಂದು ಆಗಿದೆ. ರಂಗ್ಪುರ್ ಹಣ್ಣು ಚಳಿಗಾಲಕ್ಕೆ ಮಾಗುತ್ತವೆ. ಬೀಜ ಒಣಗಿದರೆ ಮೊಳೆಯುವುದಿಲ್ಲ, ಹಣ್ಣೇ ತರಿಸಿ ಅವತ್ತೇ ಬಿತ್ತಬೇಕು. ಮೊದಲಿಗೆ ಕೊಕೊಪಿಟ್ ತಟ್ಟೆಯಲ್ಲಿ. ಚೀಲದ ಮಣ್ಣನ್ನು ಏಪ್ರಿಲ್, ಮೇ ಬಿಸಿಲಿಗೆ ಒದ್ದೆ ಮಾಡಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಬೇಯಿಸುವುದು. ಪ್ಲಾಸ್ಟಿಕ್ ಹಾಳೆಗೆ ಎಷ್ಟಾಗುತ್ತದೆ ಎಂದು ಕಾಕಾ ಈಗಲೇ ವಿಚಾರಿಸುತ್ತಿದ್ದಾರೆ. ತಗ್ಗಿನ ಎರಡು ಸಾಲಿಗೆ ಮಾತ್ರ ಮೋಸಂಬಿ ಬೇಡ, ಬೇರೆ ಬೆಳೆ ಹಾಕಿರಿ ಎಂದೆ. ಅದಕ್ಕೆ ಇನ್ನೂ ಒಪ್ಪಿಲ್ಲ.